ಕುಣಿಕೋಣೂರ ಪಂಪ್‌ಹೌಸಿನ ಎರಡನೇ ಲೈನು

ನನ್ನ ಹೆಸರು ಮಹಾದೇವಿ, ಊರು ಉಟಗಿ. ನೌಕರಿ ಮುಗಿಸಿ ಈಗ ಮನೆಯಲ್ಲಿದ್ದೇನೆ. ನೆಟ್‌ವರ್ಕಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಬಂದು, "ಅಕ್ಕಾರ, ನಿಮ್ಮ ಕಾಲದಾಗ ಲೈನ್ ಹೋದ್ರ ಏನ್ ಮಾಡ್ತಿದ್ರಿ?" ಎಂದು ಕೇಳುತ್ತಾರೆ. "ಫೋನ್ ಹಚ್ಚತಿದ್ವಿ" ಅಂದರೆ ನಗುತ್ತಾರೆ. ಚೇಷ್ಟೆ ಮಾಡುತ್ತೇನೆ ಅಂದುಕೊಳ್ಳುತ್ತಾರೋ ಏನೋ. ನಾನು ಹೇಳುವುದು ನಿಜ. ದೊಡ್ಡ ಲೈನು ಕಡಿದಾಗ ಮಷೀನು ತಾನೇ ಫೋನ್ ಹಚ್ಚಿ ಕೆಲಸ ಮುಂದುವರಿಸಬೇಕು, ದೊಡ್ಡ ಲೈನು ಬಂದ ಮೇಲೆ ತಾನೇ ಫೋನ್ ಇಡಬೇಕು. ಹಾಗೆ ಮಾಡುವಂತೆ ಅದಕ್ಕೆ ಹೇಳಿಕೊಡುವುದೇ ನನ್ನ ನೌಕರಿಯಾಗಿತ್ತು.

ಅದನ್ನು ಕಲಿಯುವಾಗ ಮಾಡಿದ ತಪ್ಪು, ತಿಂದ ಬೈಗಳ, ಗೆದ್ದ ದಿನ, ಇಷ್ಟನ್ನು ಬರೆದಿಡುತ್ತಿದ್ದೇನೆ. ಬಡತಿ ಯಾವಾಗ ಸಿಕ್ಕಿತು, ಪಗಾರ ಎಷ್ಟಾಯಿತು ಅನ್ನುವುದನ್ನು ಬಿಟ್ಟಿದ್ದೇನೆ. ಅದನ್ನು ಓದಿ ಯಾರಿಗೂ ಕೆಲಸ ಬರುವುದಿಲ್ಲ.

ಸಾಂಗ್ಲಿಯ ಹಾಸ್ಟೆಲಿನಲ್ಲಿದ್ದು ಇಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದೆ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್. ಮೂರರಲ್ಲಿ ಯಾವುದೂ ಪೂರಾ ಬರುವುದಿಲ್ಲ ಅನ್ನುವ ಅಂಜಿಕೆ ನನಗೆ ಭಾಳ ವರ್ಷ ಇತ್ತು. ಮೀರಜಿನ ಒಂದು ಸಣ್ಣ ಕಂಪನಿಯಲ್ಲಿ ಟೆಲಿಫೋನ್ ಮತ್ತು ಮೋಡೆಮ್ ರಿಪೇರಿಗೆ ಸೇರಿಕೊಂಡೆ. ಮೋಡೆಮ್ ಅಂದರೆ ಕಂಪ್ಯೂಟರಿನ ಮಾತನ್ನು ಫೋನಿನ ಸದ್ದು ಮಾಡಿ ಕಳಿಸುವ ಪೆಟ್ಟಿಗೆ. ನಾಲ್ಕೈದು ವರ್ಷ ಕಳೆದ ಮೇಲೆ ಕಂಪನಿಗೆ ಒಂದು ಏತ ನೀರಾವರಿ ಯೋಜನೆಯ ಕೆಲಸ ಬಂತು. ನದಿಯ ನೀರನ್ನು ಮೂರು ಹಂತದಲ್ಲಿ ಮೇಲೆತ್ತಿ ಜತ್ತ ತಾಲೂಕಿನ ಎತ್ತರದ ಹೊಲಗಳಿಗೆ ತರುವ ಯೋಜನೆ ಅದು. ಕೆಳಗಿನ ಪಂಪ್‌ಹೌಸು ನಡುವಿನದಕ್ಕೆ ನೀರೆತ್ತಬೇಕು, ನಡುವಿನದು ಮೇಲಿನದಕ್ಕೆ, ಮೇಲಿನದು ಕಾಲುವೆಗೆ. ಮೇಲಿನ ಪಂಪ್‌ಹೌಸು ಕುಣಿಕೋಣೂರಿನ ಹತ್ತಿರ. ಅಲ್ಲಿಗೆ ಬಂದ ನೀರು ಮೊದಲು ಒಂದು ದೊಡ್ಡ ಟಾಕಿಯಲ್ಲಿ ನಿಲ್ಲುತ್ತಿತ್ತು. ಮೇಲಿನ ಪಂಪು ನಿಂತದ್ದು ನಡುವಿನವರಿಗೆ ತಿಳಿಯದಿದ್ದರೆ ಟಾಕಿ ತುಂಬಿ ಹೊರಗೆ ಚೆಲ್ಲುತ್ತದೆ. ಅದಕ್ಕೇ ಮೂರೂ ಕಡೆಯ ನೀರಿನ ಮಟ್ಟ ಜತ್ತದ ಕಂಟ್ರೋಲ್ ರೂಮಿನ ಪರದೆಯ ಮೇಲೆ ಕಾಣಬೇಕು, ಅಲ್ಲಿಂದ ಹುಕುಂ ಹೋಗಬೇಕು. ಆ ಸುದ್ದಿ ಹೋಗಿ ಬರುವ ದಾರಿ ನಮ್ಮ ಪಾಲಿಗೆ ಬಂತು.

ನಮ್ಮ ಮೇಲೆ ಇನಾಮದಾರ ಸಾಹೇಬರು. ಐವತ್ತು ದಾಟಿದವರು, ಮರಾಠಿ ಮನೆಮಾತು, ಕನ್ನಡ ತಪ್ಪು ತಪ್ಪಾದರೂ ಆಡುವುದನ್ನು ಬಿಡುತ್ತಿರಲಿಲ್ಲ. ನಾನು ಮೊದಲ ರೂಟರನ್ನು, ಅಂದರೆ ಸುದ್ದಿಗೆ ದಾರಿ ಹಿಡಿಸುವ ಪೆಟ್ಟಿಗೆಯನ್ನು, ಜೋಡಿಸಿ, ಸದಾ ತೆರೆದಿರುವ ದೊಡ್ಡ ಲೈನು ಹಾಕಿ, ಬದಲಿ ಲೈನಿಗೆ ಮೋಡೆಮ್ ಹಚ್ಚಿ, "ತಯಾರ್ ಆಗ್ಯಾದರಿ ಸಾಹೇಬ್ರ" ಅಂದೆ. ಅವರು ಬಂದು ದೊಡ್ಡ ಲೈನಿನ ವೈರನ್ನು ಹಿಂದಿನಿಂದ ಎಳೆದುಬಿಟ್ಟರು.

"ಆತಾ ಸಾಂಗಾ, ಈಗ ಹೇಳ್ರಿ ಮಹಾದೇವಿಬಾಯಿ. ಈಗ ತಯಾರ್ ಅದ?"

ಮೋಡೆಮ್ ಸುಮ್ಮನಿತ್ತು. ಒಂದು ನಿಮಿಷ ಕಳೆದರೂ ಸುಮ್ಮನೇ ಇತ್ತು.

"ವೈರ್ ಕಡಿದಾಗ ನಡೀದಿದ್ರ ಅದಕ್ಕ ಬದಲಿ ಲೈನ್ ಅಂತ ಯಾಕ ಅನ್ನೂದು? ಪೆಟಗಿ ಅನ್ರಿ, ಸಾಕು" ಎಂದು ಹೊರಗೆ ಹೋದರು. ಅವತ್ತು ನಾನು ಊಟ ಮಾಡಲಿಲ್ಲ. ಆದರೆ ಅದರ ಮುಂದೆ ನನ್ನ ಪೂರಾ ನೌಕರಿಯಲ್ಲಿ, ವೈರು ಎಳೆದು ನೋಡದೆ ಯಾವ ಲೈನನ್ನೂ ತಯಾರಾಯಿತು ಅಂದಿಲ್ಲ. ನೀವೂ ಅನ್ನಬೇಡಿರಿ.

ಈಗ ದೊಡ್ಡ ತಪ್ಪಿಗೆ ಬರುತ್ತೇನೆ.

ರೂಟರುಗಳು ಒಂದಕ್ಕೊಂದು ದಾರಿ ತಿಳಿಸುವ ಪದ್ಧತಿಗೆ ರೂಟಿಂಗ್ ಪ್ರೊಟೊಕಾಲ್ ಅನ್ನುತ್ತೇವೆ. ಅದರಲ್ಲಿ ಪ್ರತಿ ಹತ್ತು ಸೆಕೆಂಡಿಗೊಮ್ಮೆ ಒಂದು ರೂಟರು ಪಕ್ಕದ ರೂಟರಿಗೆ "ನಾನಿದ್ದೇನೆ" ಎಂದು ಸುದ್ದಿ ಕಳಿಸುತ್ತದೆ. ನಾಲ್ಕು ಸಲ ಸುದ್ದಿ ಬರದಿದ್ದರೆ ಆ ದಾರಿ ಸತ್ತಿತು ಅಂತ ತಿಳಿದು ಬೇರೆ ದಾರಿ ಹಿಡಿಯುತ್ತದೆ. ದೊಡ್ಡ ಲೈನಿಗೆ ಇದು ಚಲೋ ಪದ್ಧತಿ. ಆದರೆ ಬದಲಿ ಲೈನು ಅಂದರೆ ಸಾದಾ ಫೋನು. ಅದರಲ್ಲಿ ಏನಾದರೂ ಮಾತು ಹೋಗುತ್ತಿರುವ ತನಕ ಮೋಡೆಮ್ ಫೋನ್ ಇಡುವುದಿಲ್ಲ. ಈ "ನಾನಿದ್ದೇನೆ" ಅನ್ನುವುದೂ ಅದರ ಲೆಕ್ಕದಲ್ಲಿ ಮಾತೇ ಅನ್ನುವುದು ನನಗೆ ಹೊಳೆದಿರಲಿಲ್ಲ. ಒಮ್ಮೆ ದೊಡ್ಡ ಲೈನು ಅರ್ಧ ತಾಸು ಹೋಗಿ ಬಂತು. ಮೋಡೆಮ್ ಸರಿಯಾಗಿ ಫೋನ್ ಹಚ್ಚಿತು, ಕೆಲಸ ನಡೆಯಿತು, ನಾನು ಹಿಗ್ಗಿ ಮನೆಗೆ ಹೋದೆ. ದೊಡ್ಡ ಲೈನು ಬಂದ ಮೇಲೆಯೂ ಅದು ಫೋನ್ ಇಡಲೇ ಇಲ್ಲ. ಹತ್ತು ಸೆಕೆಂಡಿಗೊಮ್ಮೆ ನಾನಿದ್ದೇನೆ, ನಾನಿದ್ದೇನೆ ಅನ್ನುತ್ತ ಮೂರು ದಿನ ಹಾಗೇ ಕುಳಿತಿತು.

ಕುಣಿಕೋಣೂರ ಪಂಪ್‌ಹೌಸಿಗೆ ಆಗ ಇದ್ದದ್ದು ಅದೊಂದೇ ಫೋನು. ಮೋಡೆಮಿಗೂ ಅದೇ, ಮನುಷ್ಯರಿಗೂ ಅದೇ. ಮೂರನೇ ದಿನ ಟಾಕಿಗೆ ಮೊದಲ ಸಲ ನೀರು ಬಿಟ್ಟು ನೋಡುತ್ತಿದ್ದರು. ಅಲ್ಲಿನ ಆಪರೇಟರ್ ಸಿದ್ದಣ್ಣ, ಅದೇ ಊರವನು, ಟಾಕಿಯ ಕಟ್ಟೆಯ ಮೇಲೆ ನಿಂತಿದ್ದ. ನೀರಿನ ಮಟ್ಟ ತೋರಿಸುವ ತೇಲು ಡಬ್ಬಿ ಕಸಕ್ಕೆ ಸಿಕ್ಕಿ ಅರ್ಧದಲ್ಲೇ ನಿಂತುಬಿಟ್ಟಿತ್ತು. ಜತ್ತದ ಪರದೆಯಲ್ಲಿ ಟಾಕಿ ಅರ್ಧ, ಸಿದ್ದಣ್ಣನ ಕಣ್ಣಿಗೆ ಟಾಕಿ ತುಂಬಿದೆ. ಅವನು ಓಡಿ ಹೋಗಿ ಫೋನ್ ಎತ್ತಿದರೆ ಕೇಳಿದ್ದು ಬರೀ ಮೋಡೆಮಿನ ಸದ್ದು.

"ಫೋನಿನಾಗ ಬೆಕ್ಕು ಚೀರಿಧಂಗ ಚೀರಾಕತ್ತಿತ್ತರಿ ಅಕ್ಕಾರ. ಇಟ್ಟೆ, ಎತ್ತಿದೆ, ಮತ್ತ ಅದೇ. ಯಾರಿಗೆ ಹೇಳ್ಲಿ ನಾ? ಸೈಕಲ್ ಹತ್ತಿ ನಡುವಿನ ಪಂಪಿಗೆ ಹೊಂಟೆ" ಎಂದು ಆಮೇಲೆ ಹೇಳಿದ. ಅವನು ಮುಟ್ಟುವಷ್ಟರಲ್ಲಿ ನೀರು ಕಟ್ಟೆ ಹಾರಿತ್ತು. ಟಾಕಿಯ ಕೆಳಗೆ ಕಲ್ಲವ್ವ ಅನ್ನುವ ಹಿರಿಯಾಕೆಯ ಕಣ. ಒಕ್ಕಲು ಮಾಡಿ ಹಾಕಿದ್ದ ಜೋಳದ ರಾಶಿಯ ಅರ್ಧ ತೊಯ್ದು ಹೋಯಿತು.

ಮರುದಿನ ಮುಂಜಾನೆ ಜೀಪಿನಲ್ಲಿ ಹೋದೆ. ಕಲ್ಲವ್ವ ತೊಯ್ದ ಜೋಳವನ್ನು ತಾಡಪಾಲಿನ ಮೇಲೆ ಹರವುತ್ತಿದ್ದಳು. ನಾನು ಯಾರು ಅಂತ ಹೇಳಿದೆ. ತಪ್ಪು ನನ್ನದು ಅಂತಲೂ ಹೇಳಿದೆ.

ಆಕೆ ತಲೆ ಎತ್ತಿ ನೋಡಿದಳು. "ನೀ ಮಾಡಿದ್ದು ನೀನ ಬಂದು ಹೇಳಿದಿ. ಕುಂದ್ರು, ಒಂದ್ ಕಡಿಂದ ಕೈಯಾಡಸು. ಬಿಸಲಿಗೆ ಲಗೂನ ಆರತದ."

ಮಧ್ಯಾಹ್ನದ ತನಕ ಜೋಳ ಹರವಿದೆ. ಅಲ್ಲಿಂದ ಬಂದು ಇನಾಮದಾರ ಸಾಹೇಬರ ಮುಂದೆ ನಿಂತು ಇದ್ದದ್ದು ಇದ್ದಂತೆ ಹೇಳಿದೆ. ಕೆಲಸದಿಂದ ತೆಗೆಯುತ್ತಾರೆ ಅಂತಲೇ ತಿಳಿದಿದ್ದೆ. ಅವರು, "ಯಾವ ಮಾತಿಗೆ ಫೋನ್ ಹಚ್ಚಬೇಕು, ಯಾವ ಮಾತಿಗೆ ಹಚ್ಚಬಾರದು, ಒಂದು ಯಾದಿ ಮಾಡ್ರಿ. ಇಂಗ್ಲಿಷ್‌ನಾಗ ಬ್ಯಾಡ. ನಿಮ್ಮ ತಲಿಯೊಳಗ ಯಾವ ಭಾಷಾ ನಡೀತದ, ಅದ್ರಾಗ ಬರೀರಿ" ಅಂದರು.

ನಾನು ಕನ್ನಡದಲ್ಲಿ ಬರೆದೆ. ನೀರಿನ ಮಟ್ಟ: ಹಚ್ಚಬೇಕು. ಪಂಪು ಶುರು, ಪಂಪು ಬಂದ್: ಹಚ್ಚಬೇಕು. ನಾನಿದ್ದೇನೆ: ಹಚ್ಚಬಾರದು, ಹಚ್ಚಿದ ಫೋನನ್ನು ಹಿಡಿದುಕೊಂಡು ಕೂಡಲೂಬಾರದು. ಆ ಯಾದಿಯನ್ನು ರೂಟರಿಗೆ ಅದರ ಭಾಷೆಯಲ್ಲಿ ಹೇಳಲು ನನಗೆ ಒಂದು ದಿನ ಸಾಕಾಯಿತು. ದೊಡ್ಡ ಲೈನು ಎಳೆದೆ, ಫೋನ್ ಹಚ್ಚಿತು. ಮತ್ತೆ ಹಾಕಿದೆ, ಎರಡು ನಿಮಿಷ ಬಿಟ್ಟು ಖಟ್ ಅಂತ ಫೋನ್ ಇಟ್ಟಿತು. ಆ "ಖಟ್" ಕೇಳಿದಾಗ ನನಗಾದ ಸಂತೋಷವನ್ನು ಹೇಳಿ ತಿಳಿಸಲಾರೆ. ಮೂರು ಭಾಷೆಯಲ್ಲಿ ಯಾವುದೂ ಪೂರಾ ಬರುವುದಿಲ್ಲ ಅನ್ನುವ ಅಂಜಿಕೆ ಅವತ್ತೇ ಬಿಟ್ಟುಹೋಯಿತು. ಸಾಹೇಬರು ಕಚೇರಿಗೆ ಬರೆದು, ಜಗಳಾಡಿ, ಸಿದ್ದಣ್ಣನಿಗೆ ಮಾತಾಡಲು ಬೇರೆ ಫೋನ್ ಕೊಡಿಸಿದರು. ತೇಲು ಡಬ್ಬಿಗೆ ಜಾಳಿಗೆ ಹಾಕಿಸಿದರು.

ಆಮೇಲೆ ಬಂದ ತೊಂದರೆ ನಗೆ ಬರುವಂಥದ್ದು. ಕೆಲವು ಸಲ ವೈರು ಎಳೆದಾಗ ಬದಲಿ ಲೈನು ಲಗೂನ ಏಳುತ್ತಿತ್ತು, ಕೆಲವು ಸಲ ಐದೈದು ನಿಮಿಷ ಏಳುತ್ತಲೇ ಇರಲಿಲ್ಲ. ಎಂಟು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಕಾಂಬಳೆ ಕಾಕಾ ಬಿಡಿಸಿದರು. ಅವರು ಟೆಲಿಫೋನ್ ಖಾತೆಯ ಲೈನ್‌ಮನ್. ತಾಲೂಕಿನ ಯಾವ ಕಂಬದ ಮೇಲೆ ಯಾವ ಜೋಡಿ ತಂತಿ ಹೋಗಿದೆ ಅಂತ ಕಾಗದ ನೋಡದೆ ಹೇಳುತ್ತಿದ್ದರು. ಮೋಡೆಮ್ ಹತ್ತಿರ ಕೂತು ತಮ್ಮ ಪರೀಕ್ಷೆ ಫೋನನ್ನು ಕಿವಿಗಿಟ್ಟುಕೊಂಡು ಕೇಳಿ, ನಗಲು ಹತ್ತಿದರು.

"ಮಗಳ, ಇದೂ ಹಚ್ಚತದ, ಅದೂ ಹಚ್ಚತದ. ಇಬ್ಬರೂ ಒಮ್ಮೆಲೆ ಹಚ್ಚಿದ್ರ ಇಬ್ಬರಿಗೂ ಎಂಗೇಜ್. ನಮ್ಮ ಮನಿಯಾಕಿ ಮತ್ತ ಆಕಿ ಅಕ್ಕ ಹಿಂಗ ಮಾಡ್ತಾರ ನೋಡು. ತಾಸುಗಟ್ಲೆ ಇಬ್ಬರೂ ಫೋನ್ ಹಿಡಕೊಂಡು, 'ಅಕಿ ಯಾರ ಜೋಡಿ ಮಾತಾಡಾಕತ್ಯಾಳ' ಅಂತ ಬೈಕೋತ ಕುಂದರ್ತಾರ."

"ಮತ್ತ ಹೆಂಗ ಮಾಡ್ತೀರಿ ಕಾಕಾ ಮನ್ಯಾಗ?"

"ಹೆಂಗೇನ? ಅಕ್ಕ ಹಚ್ಚಬೇಕು, ಇಕಿ ಸುಮ್ಮ ಇರಬೇಕು. ಅಷ್ಟ."

ನಾನೂ ಅಷ್ಟೇ ಮಾಡಿದೆ. ಜತ್ತದ ಕಂಟ್ರೋಲ್ ರೂಮು ಮಾತ್ರ ಫೋನ್ ಹಚ್ಚಬೇಕು, ಪಂಪ್‌ಹೌಸುಗಳು ಬರೀ ಎತ್ತಬೇಕು. ಕಂಪನಿಯ ದಪ್ಪ ಪುಸ್ತಕದಲ್ಲಿ ಇದೇ ಉಪಾಯ ಬರೆದಿತ್ತು, ಆಮೇಲೆ ಹುಡುಕಿದಾಗ ಸಿಕ್ಕಿತು. ಆದರೆ ಪುಸ್ತಕ ಓದಿದ್ದಾಗ ಅದು ನನ್ನ ತಲೆಗೆ ಹೋಗಿರಲಿಲ್ಲ. ಲೈನ್‌ಮನ್ನರ ಜೊತೆ ಕೂತು ಚಹಾ ಕುಡಿಯಿರಿ ಅಂತ ನಾನು ಹೊಸಬರಿಗೆ ಹೇಳುವುದು ಇದಕ್ಕೇ.

ಎಲ್ಲಕ್ಕೂ ದೊಡ್ಡ ಸಂಗತಿಯನ್ನು ತೋರಿಸಿಕೊಟ್ಟವರೂ ಅವರೇ. ಒಂದು ದಿನ ಕುಣಿಕೋಣೂರಿನ ದಾರಿಯಲ್ಲಿ ನನ್ನನ್ನು ಜೀಪಿನಿಂದ ಇಳಿಸಿ, ರಸ್ತೆ ಬದಿಯ ಕೇಬಲ್ ಪೆಟ್ಟಿಗೆಯ ಮುಚ್ಚಳ ತೆಗೆದರು.

"ಇದು ನಿನ್ನ ದೊಡ್ಡ ಲೈನು. ಇದು ನಿನ್ನ ಬದಲಿ ಲೈನು. ಇದು ಸಿದ್ದಣ್ಣನ ಫೋನು. ಎಲ್ಲಾ ಒಂದ ಕೇಬಲ್‌ನಾಗ ಅದಾವ. ಈ ಕೇಬಲ್ ಕಡೀತು ಅಂದ್ರ?"

ನಾನು ಬಗ್ಗಿ ನೋಡಿದೆ. ಅಷ್ಟು ದಿನ ಯಾದಿ ಬರೆದು, ವೈರು ಎಳೆದು ಪರೀಕ್ಷೆ ಮಾಡಿದ್ದೆಲ್ಲ ಆ ಒಂದು ಬೆರಳು ದಪ್ಪದ ಕೇಬಲಿನ ಮೇಲೆ ನಿಂತಿತ್ತು. ಕೋಣೆಯೊಳಗೆ ವೈರು ಎಳೆಯುತ್ತಿದ್ದೆ. ರಸ್ತೆಯಲ್ಲಿ ಅದು ಯಾವ ದಾರಿ ಹಿಡಿದು ಬಂದಿದೆ ಅಂತ ನಾನೂ ನೋಡಿರಲಿಲ್ಲ, ಸಾಹೇಬರೂ ನೋಡಿರಲಿಲ್ಲ.

ಬದಲಿ ಲೈನನ್ನು ಇನ್ನೊಂದು ಕಡೆಯಿಂದ, ವಳಸಂಗದ ಎಕ್ಸ್‌ಚೇಂಜಿನಿಂದ ತರಬೇಕು ಅಂತ ಕಾಂಬಳೆ ಕಾಕಾ ಹೇಳಿದರು. ಅದಕ್ಕೆ ಹೊಲದ ಬದುವಿನ ಮೇಲೆ ಹೊಸ ಕಂಬ ನೆಡಬೇಕು. ನಾನೂ ಅವರೂ ಎರಡು ದಿನ ಕಾಲ್ನಡಿಗೆಯಲ್ಲಿ ಆ ದಾರಿ ಅಳೆದೆವು. ಕುರಿ ಮೇಯಿಸುವವರು, "ಏನ್ರೀ, ಮತ್ತ ಕಾಲವಿ ಹಾಯತದೇನು ಇಲ್ಲಿ?" ಎಂದು ಕೇಳುತ್ತಿದ್ದರು. ನಕಾಶೆ ಮಾಡಿ ಕಚೇರಿಗೆ ಕೊಟ್ಟೆವು. ಮಂಜೂರಿ ಕೊಡಬೇಕಾದ ಅಧಿಕಾರಿ ಕಾಗದ ಮಡಚಿ ವಾಪಸ್ ಕೊಟ್ಟರು. "ಎರಡು ಲೈನ್ ಅದಾವಲ್ರೀ. ಮತ್ಯಾಕ ಕಂಬ?"

ನಾನು ವಾದ ಮಾಡಿದೆ, ಅವರು ಕೇಳಲಿಲ್ಲ. ಇನಾಮದಾರ ಸಾಹೇಬರು ಮಾತ್ರ ನಕ್ಕು, "ಹರಕತ್ ಇಲ್ಲ ಸಾಹೇಬ್ರ. ಒಂದ್ ಸಲ ಬಂದು ನೋಡ್ರಿ, ಆಮ್ಯಾಲ ನೀವು ಅಂದಂಗ" ಅಂದರು.

ಅಧಿಕಾರಿ ಬಂದರು. ಪಂಪ್‌ಹೌಸಿನ ಕುರ್ಚಿಯಲ್ಲಿ ಕುಂದ್ರಿಸಿ ಚಹಾ ಕೊಟ್ಟೆವು. ಆ ಹೊತ್ತಿಗೆ ಕಾಂಬಳೆ ಕಾಕಾ, ಮೊದಲೇ ಎಲ್ಲರಿಗೂ ತಿಳಿಸಿ ಪಂಪು ಬಂದ್ ಇಟ್ಟು, ರಸ್ತೆಯ ಪೆಟ್ಟಿಗೆಯಲ್ಲಿ ಕೇಬಲಿನ ಜೋಡು ಬಿಚ್ಚಿದರು. ರೂಟರಿನ ದೊಡ್ಡ ಲೈನಿನ ದೀಪ ಆರಿತು. ಮೋಡೆಮ್ ಕಡೆ ನೋಡಿದೆವು, ಅದೂ ಸತ್ತಿತ್ತು.

"ಕಚೇರಿಗೆ ಫೋನ್ ಮಾಡಿ ಕೇಳ್ರಿ" ಅಂದರು ಅಧಿಕಾರಿ.

"ನೀವ ಮಾಡ್ರಿ ಸಾಹೇಬ್ರ" ಎಂದು ಸಿದ್ದಣ್ಣನ ಫೋನನ್ನು ಅವರ ಕೈಗೆ ಕೊಟ್ಟೆ. ಅವರು ಕಿವಿಗೆ ಹಿಡಿದರು. ಇಟ್ಟರು, ಮತ್ತೆ ಹಿಡಿದರು. ನಾನು ಮೆಲ್ಲಗೆ ಕೇಳಿದೆ, "ಈಗ ಟಾಕಿ ತುಂಬಾಕತ್ತದ ಅಂತ ತಿಳೀರಿ. ಯಾರಿಗೆ ಹೇಳೂದರಿ?"

ಅವರು ಕಿಟಕಿಯಿಂದ ಟಾಕಿಯನ್ನು, ಅದರ ಕೆಳಗಿನ ಕಣಗಳನ್ನು, ಮನೆಗಳನ್ನು ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ, ಅವರಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೇ. "ನಕಾಶೆ ತಂದೀರೇನು?" ಅಂದರು. ಅಲ್ಲೇ, ಪಂಪಿನ ಪಾಯದ ಕಟ್ಟೆಯ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ನಾನೂ, ಅಷ್ಟರಲ್ಲಿ ಕೇಬಲ್ ಜೋಡಿಸಿ ಬಂದಿದ್ದ ಕಾಂಬಳೆ ಕಾಕಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಆ ಅಧಿಕಾರಿಯ ಎದುರಿಗೇ ಕುಣಿದುಬಿಡುತ್ತಿದ್ದೆವು.

ಸುಗ್ಗಿ ಮುಗಿಯುವಷ್ಟರಲ್ಲಿ ಕಂಬ ನಿಂತವು, ವಳಸಂಗದ ಕಡೆಯಿಂದ ತಂತಿ ಬಂತು.

ಈಗ ಆ ಮೋಡೆಮುಗಳೂ ಇಲ್ಲ, ಆ ರೂಟರುಗಳೂ ಇಲ್ಲ. ಗಾಜಿನ ಎಳೆಯ ಫೈಬರ್ ಕೇಬಲು ಬಂತು, ಬದಲಿ ಲೈನಿಗೆ ಮೊಬೈಲ್ ಸಿಮ್ ಬಂತು. ಒಂದು ಹೋದರೆ ಇನ್ನೊಂದು ಹಿಡಿಯಲು ಎರಡು ಸೆಕೆಂಡೂ ಬೇಡ. ನನಗೆ ಇದರ ಬಗ್ಗೆ ಯಾವ ದುಃಖವೂ ಇಲ್ಲ. ಹೊಸದು ನಿಜವಾಗಿಯೂ ಚಲೋ ಇದೆ. ಆದರೆ ಎರಡು ಸಿಮ್ಮೂ ಒಂದೇ ಟವರಿನಿಂದ ಬರುತ್ತವೆಯೋ ಏನೋ ಅಂತ ಹೋಗಿ ನೋಡುವವರು ಇವತ್ತಿಗೂ ಬೇಕು. ನೌಕರಿಯ ಕೊನೆಯ ವರ್ಷ ಕೂಡ ಅಂಥ ಎರಡು ಕಡೆ ಹಿಡಿದು ಸರಿ ಮಾಡಿಸಿದೆ.

ಇನ್ನು ಪೂರ್ತಿ ನೀರು ಬಿಟ್ಟ ದಿನದ ಮಾತು.

ಮೂರೂ ಹಂತದ ಪಂಪುಗಳು ಅವತ್ತು ಮೊದಲ ಸಲ ಒಟ್ಟಿಗೆ ಓಡಬೇಕಿತ್ತು. ಇನಾಮದಾರ ಸಾಹೇಬರು ಜತ್ತದ ಕಂಟ್ರೋಲ್ ರೂಮಿನಲ್ಲಿ, ನಾನೂ ಸಿದ್ದಣ್ಣನೂ ಕುಣಿಕೋಣೂರಿನಲ್ಲಿ. ಮುಂಜಾನೆ ಹತ್ತರ ಹೊತ್ತಿಗೆ ಕಾಲುವೆಯ ಎರಡೂ ಬದಿಗೆ ಜನ ನಿಂತಿದ್ದರು. ಟಾಕಿ ಮುಕ್ಕಾಲು ತುಂಬಿದಾಗ ಮೇಲಿನ ಮೂರು ಪಂಪು ಶುರು ಮಾಡಿದೆವು. ನೀರು ಕಾಲುವೆಗೆ ಬಿದ್ದಾಗ ಎದ್ದ ಕೂಗು ಪಂಪಿನ ಸದ್ದನ್ನೂ ದಾಟಿ ಒಳಗೆ ಕೇಳಿತು.

ಒಂದು ತಾಸು ಚಲೋ ನಡೆಯಿತು, ಟಾಕಿಯ ನೀರು ಕಟ್ಟೆಯ ಸಮೀಪಕ್ಕೆ ಬಂದಿತ್ತು. ಆಮೇಲೆ ರೂಟರಿನ ದೊಡ್ಡ ಲೈನಿನ ದೀಪ ಆರಿತು. ಸಿದ್ದಣ್ಣನ ಫೋನ್ ಎತ್ತಿದೆ, ಸತ್ತಿತ್ತು. ಕೇಬಲ್ ಎಲ್ಲೋ ಕಡಿದಿದೆ ಅನ್ನುವುದು ಖಾತ್ರಿ ಆಯಿತು. ಅದೇ ಹೊತ್ತಿಗೆ ಸಿದ್ದಣ್ಣ ಒಳಗಿಂದ ಕೂಗಿದ.

"ಅಕ್ಕಾರ! ಎರಡನೇ ಪಂಪಿನ ಬೇರಿಂಗ್ ಕಾದದ! ಬಂದ್ ಮಾಡಿದೆ!"

ಬಂದ್ ಮಾಡಿದ್ದು ಸರಿ. ಆದರೆ ಮೂರು ಪಂಪು ಎತ್ತುವ ನೀರು ಕೆಳಗಿನಿಂದ ಬರುತ್ತಲೇ ಇತ್ತು, ನಾವು ಎತ್ತುತ್ತಿದ್ದದ್ದು ಎರಡರಷ್ಟು. ಟಾಕಿ ಏರಲು ಹತ್ತಿತು. ಜತ್ತಕ್ಕೆ ಸುದ್ದಿ ಹೋಗಬೇಕು, ಹೋಗುವ ದಾರಿ ವಳಸಂಗದ ತಂತಿ ಒಂದೇ. ಮೋಡೆಮ್ ಸುಮ್ಮನೆ ಕೂತಿತ್ತು.

"ಹಚ್ಚರಿ ಅಕ್ಕಾರ, ನೀವ ಹಚ್ಚರಿ!" ಅಂದ ಸಿದ್ದಣ್ಣ.

ನನ್ನ ಕೈ ಮೋಡೆಮಿನ ತನಕ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. "ಇಲ್ಲ ಸಿದ್ದಣ್ಣ. ನಾ ಹಚ್ಚಿದ್ರ ಅವರಿಗೆ ಎಂಗೇಜ್ ಬರತದ. ಅವರ ಹಚ್ಚಬೇಕು. ನೀ ಕಟ್ಟಿ ಮ್ಯಾಲ ಹೋಗಿ ನೀರು ನೋಡಕೋತ ಹೇಳು."

ನಾಲ್ಕು ಸಲ "ನಾನಿದ್ದೇನೆ" ತಪ್ಪಬೇಕು, ಆಮೇಲೆ ನೀರಿನ ಮಟ್ಟ ಕೇಳಲು ಜತ್ತದ ರೂಟರು ಫೋನ್ ಹಚ್ಚಬೇಕು. ಇದನ್ನೆಲ್ಲ ಬರೆದವಳು ನಾನೇ, ಆದರೂ ಆ ಮುಕ್ಕಾಲು ನಿಮಿಷ ಅಷ್ಟು ಉದ್ದ ಇರುತ್ತದೆ ಅಂತ ಗೊತ್ತಿರಲಿಲ್ಲ. ಹೊರಗಿಂದ ಸಿದ್ದಣ್ಣ, "ಇನ್ನ ಎರಡು ಗೇಣು ಅದರಿ!" ಅಂದ. ಫೋನಿನ ಗಂಟೆ ಹೊಡೆಯಿತು. ಮೋಡೆಮ್ ಎತ್ತಿತು, ಚೀರಿತು, ತಡವರಿಸಿ ಬಿಟ್ಟುಬಿಟ್ಟಿತು. "ಒಂದ ಗೇಣು ಉಳದದರಿ!" ಅಂದ ಸಿದ್ದಣ್ಣ. ಮತ್ತೆ ಗಂಟೆ. ಮತ್ತೆ ಎತ್ತಿತು, ಚೀರಿತು, ಆ ಚೀರಾಟ ಸಣ್ಣದಾಗುತ್ತ ಸುಮ್ಮನಾಯಿತು, ಹಸಿರು ದೀಪ ನಿಂತು ಉರಿಯಿತು. ರೂಟರಿಗೆ ಹಚ್ಚಿದ್ದ ನನ್ನ ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರ ಓಡತೊಡಗಿದವು: ಟಾಕಿಯ ಮಟ್ಟ ಹೋಯಿತು, ಪಂಪು ಬಂದ್ ಆದ ಸುದ್ದಿ ಹೋಯಿತು. ಅಲ್ಲಿಂದ ನಡುವಿನ ಪಂಪ್‌ಹೌಸಿಗೆ ಹುಕುಂ ಹೋದದ್ದು ನನ್ನ ಕಣ್ಣ ಮುಂದೆಯೇ ಬಂತು: ಒಂದು ಪಂಪು ಬಂದ್.

ನಾನು ಓಡಿ ಕಟ್ಟೆ ಹತ್ತಿದೆ. ನೀರು ಇನ್ನೂ ಏರುತ್ತಿತ್ತು, ಕೊಳವೆಯಲ್ಲಿದ್ದದ್ದು ಬರಬೇಕಲ್ಲ. ನಾಲ್ಕು ಬೆರಳು ಉಳಿಯಿತು. ಅಲ್ಲೇ ನಿಂತಿತು. ಸಿದ್ದಣ್ಣ ಕಟ್ಟೆಗೆ ಅಂಗೈ ಊರಿ ಬಗ್ಗಿ ನೋಡುತ್ತಿದ್ದ, ಎಷ್ಟೋ ಹೊತ್ತು ಮೇಲೇಳಲೇ ಇಲ್ಲ. ಆಮೇಲೆ ಎದ್ದು ನಿಂತು, ಎರಡೂ ಕೈ ಎತ್ತಿ, ಕಾಲುವೆಯ ಬದಿಯ ಜನಕ್ಕೆ ಕೇಳುವಂತೆ, "ನಿಂತಿತ್ರಿ! ನಿಂತಿತು!" ಎಂದು ಒದರಿದ. ಅವರಿಗೆ ಏನು ನಿಂತಿತು ಅಂತ ತಿಳಿಯಲಿಲ್ಲ. ಅವರ ಕಾಲ ಬುಡದಲ್ಲಿ ನೀರು ಹರಿಯುತ್ತಲೇ ಇತ್ತು; ಅವರೂ ಕೈ ಎತ್ತಿ ಒದರಿದರು.

ಅರ್ಧ ತಾಸಿನ ಮೇಲೆ ಕಾಂಬಳೆ ಕಾಕಾ ಮೋಟಾರ್‌ಸೈಕಲ್ ಮೇಲೆ ಧೂಳೆಬ್ಬಿಸುತ್ತ ಬಂದರು. ರಸ್ತೆ ಅಗೆಯುವ ಮಷೀನು ಕೇಬಲ್ ಕಡಿದಿತ್ತು. ಮೈಯೆಲ್ಲ ಬೆವರು, ಹೆಗಲ ಮೇಲೆ ಹತಾರದ ಚೀಲ.

"ಮಗಳ, ಪೂರಾ ಹರದದ. ಈಗ ಜೋಡಿಸ್ತೀನಿ, ಹತ್ತು ಮಿನಿಟು ಕೊಡು, ಹತ್ತು ಮಿನಿಟು" ಅನ್ನುತ್ತಲೇ ಗಾಡಿ ಇಳಿದರು. ಇಳಿದವರು ನಿಂತು ಕಿವಿಗೊಟ್ಟರು. ಪಂಪುಗಳು ಓಡುತ್ತಿದ್ದವು. ನನ್ನ ಮುಖ ನೋಡಿದರು. ನಾನು ಹಸಿರು ದೀಪದ ಕಡೆ ಕೈ ಮಾಡಿದೆ.

ಅಷ್ಟು ವರ್ಷದ ನೌಕರಿಯಲ್ಲಿ ಲೈನ್‌ಮನ್ನರಿಗೆ ನಾನು ಹೇಳಿದ್ದು ಲಗೂನ ಬರ್ರಿ, ಲಗೂನ ಮಾಡ್ರಿ ಅನ್ನುವುದು ಒಂದೇ. ಅವತ್ತು ಅವರ ಹೆಗಲಿನಿಂದ ಚೀಲ ಇಳಿಸಿಕೊಂಡು, ನೆರಳಿಗೆ ಕುರ್ಚಿ ಎಳೆದು ಹಾಕಿ ಅಂದೆ:

"ಅವಸರಿಲ್ಲ ಕಾಕಾ. ಕುಂದ್ರಿ, ಮೊದಲ ಚಹಾ ಕುಡೀರಿ."